ಅರಯೋಲುಶ್‌ನ ಬೆರಳಗಲ ನೀಲಿ

ಎವೊರಾ ಬಿಟ್ಟ ಬಸ್ಸು ಕಾರ್ಕ್ ಮರಗಳ ನಡುವೆ ಸಾಗಿತು. ತೊಗಟೆ ಸುಲಿದ ಕಾಂಡಗಳು ಕೆಂಪಗೆ ನಿಂತಿದ್ದವು. ಆಮೇಲೆ ಗುಡ್ಡದ ಮೇಲೊಂದು ಕೋಟೆ, ಕೆಳಗೆ ಸುಣ್ಣ ಬಳಿದ ಮನೆಗಳು, ಗೋಡೆಗಳ ಬುಡಕ್ಕೆ ನೀಲಿ ಪಟ್ಟಿ. ಪೋರ್ಚುಗಲ್‌ನ ಅಲೆಂತೇಜು ಸೀಮೆಯ ಅರಯೋಲುಶ್ ಬಂದಿತ್ತು. ಕೋಟೆಗೆ ಆಮೇಲೆ ಹತ್ತಿದರಾಯಿತು ಅಂತ ಸೀದಾ ಚೌಕಕ್ಕೆ ನಡೆದೆ. ನಾನು ಬಂದದ್ದು ಇಲ್ಲಿನ ರತ್ನಗಂಬಳಿ ನೋಡಲು.

ರತ್ನಗಂಬಳಿ ಅಂದರೆ ಮಗ್ಗ ನೆನಪಾಗುತ್ತದೆ, ಅಲ್ವಾ? ಇಲ್ಲಿ ಮಗ್ಗವೂ ಇಲ್ಲ, ಗಂಟೂ ಇಲ್ಲ. ನಾರಿನ ಒರಟು ಬಟ್ಟೆಯ ಮೇಲೆ ಉಣ್ಣೆ ನೂಲಿನಿಂದ ಇಡೀ ಹಾಸನ್ನು ಸೂಜಿಯಲ್ಲೇ ತುಂಬುತ್ತಾರೆ.

ಚೌಕದಲ್ಲಿ ಹಳೆಯ ಆಸ್ಪತ್ರೆಯ ಕಟ್ಟಡವೊಂದಿದೆ. ಈಗ ಅದು ಈ ಕಸುಬಿನ ಪ್ರದರ್ಶನಾಲಯ. ಹಳೆಯ ಹಾಸುಗಳಲ್ಲಿ ಪರ್ಷಿಯಾದ ಬಳ್ಳಿ, ನಡುವೆ ದೊಡ್ಡ ಪದಕದಂಥ ಹೂವು. 18ನೇ ಶತಮಾನಕ್ಕೆ ಬರುವಾಗ ಹಕ್ಕಿಗಳು, ಪ್ರಾಣಿಗಳು, ದಪ್ಪ ದಪ್ಪ ಹೂಗಳು. ನನಗೆ ಇವೇ ಜಾಸ್ತಿ ಇಷ್ಟವಾದವು. ಯಾರನ್ನೂ ನೋಡಿ ನಕಲು ಮಾಡದ ಧೈರ್ಯ ಅವುಗಳಲ್ಲಿದೆ. ಒಂದು ಹಾಸಿನ ಮೂಲೆಯಲ್ಲಿ ನೀಲಿ ಇದ್ದಕ್ಕಿದ್ದಂತೆ ತೆಳುವಾಗಿತ್ತು, ಒಂದು ಬೆರಳಿನಷ್ಟು ಅಗಲ. ಅದ್ದಿದ ಬಣ್ಣ ಮುಗಿದು ಹೊಸ ಪಾತ್ರೆಯ ನೂಲು ಬಂದಿರಬೇಕು. ಅಲ್ಲೇ ತುಂಬ ಹೊತ್ತು ನಿಂತೆ.

ಆ ನೀಲಿಗೆ ಅವರು ‘ಅನೀಲ್’ ಅನ್ನುತ್ತಾರೆ. ನಮ್ಮ ನೀಲಿಯೇ ಅದು. ಸಂಸ್ಕೃತದ ನೀಲ ಅರಬ್ಬರ ಬಾಯಲ್ಲಿ ‘ಅನ್ನೀಲ್’ ಆಗಿ ಇಲ್ಲಿಗೆ ಬಂತು. ಕೆಂಪು ಬಣ್ಣ ಬ್ರೆಜಿಲ್‌ನ ಮರದ್ದು.

ಲಿಸ್ಬನ್‌ನಿಂದ ದೊರೆ ಮನುಯೆಲ್ ಹೊರಹಾಕಿದ ಮುಸ್ಲಿಂ ಕುಟುಂಬಗಳು ಈ ಕಸುಬು ತಂದವು ಎಂದು ಊರಲ್ಲಿ ಹೇಳುತ್ತಾರೆ. ಕಾಗದದ ಮೇಲಿನ ಮೊದಲ ಸುಳಿವು 1598ರದು. ಒಂದು ಮನೆಯ ಆಸ್ತಿಪಟ್ಟಿಯಲ್ಲಿ ‘ಈ ನಾಡಿನ ಹಾಸು’ ಅಂತ ಬರೆದಿದೆ. ಅದಕ್ಕೂ ಹಿಂದಿನ, ಉಣ್ಣೆಯನ್ನು ಬಣ್ಣಕ್ಕೆ ಅದ್ದುವ ಗುಂಡಿಗಳು ಇದೇ ಚೌಕವನ್ನು ಅಗೆದಾಗ ಸಿಕ್ಕಿವೆ. ಎಷ್ಟು ತಲೆಮಾರು ಇಲ್ಲಿ ಉಣ್ಣೆ ಅದ್ದಿದೆಯೋ!

ಹಿಂದಿನ ಬೀದಿಯ ಅಂಗಡಿಯೊಂದರಲ್ಲಿ ಅಜ್ಜಿಯೊಬ್ಬರು ಬಾಗಿಲ ಬೆಳಕಿಗೆ ಕೂತು ಹೊಲಿಯುತ್ತಿದ್ದರು. ತೊಡೆ ತುಂಬ ಭಾರದ ಬಟ್ಟೆ. ಬಟ್ಟೆಯ ಮೇಲೆ ಗೆರೆಯೇ ಇಲ್ಲ. ಪಕ್ಕದ ಚೌಕುಳಿ ಕಾಗದ ನೋಡಿ ಎಳೆ ಎಣಿಸುತ್ತಾರೆ, ತುಟಿಯಲ್ಲೇ. ಮೊದಲು ಹೂವಿನ ಅಂಚು, ಆಮೇಲೆ ಒಳಗಿನ ಬಣ್ಣ, ಕೊನೆಗೆ ಹಿನ್ನೆಲೆ. ಹೊಲಿಗೆ ಅಡ್ಡಗತ್ತರಿಯದು, ಆದರೆ ಒಂದು ಕಾಲು ಉದ್ದ, ಒಂದು ಗಿಡ್ಡ. ಸಾಲು ಮುಗಿದಾಗ ಬಿಗಿಯಾಗಿ ಹೆಣೆದ ಜಡೆಯ ಹಾಗೆ ಕಾಣುತ್ತದೆ.

ನಾನು ನೋಡುತ್ತಲೇ ಇದ್ದದ್ದು ಕಂಡು ಅಜ್ಜಿ ಸೂಜಿಯನ್ನು ನನ್ನ ಕೈಗೇ ಕೊಟ್ಟರು. ತುದಿ ಮೊಂಡು. ಎಳೆಗಳ ನಡುವೆ ತೂರಬೇಕು, ಚುಚ್ಚಬಾರದು. ಅಗ್ಗದ ನಕಲುಗಳು ಬೇರೆ ದೇಶದಿಂದ ಬರುತ್ತಿವೆ ಎಂದು ಅವರ ಮಗಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಈಗಿನ ಹುಡುಗಿಯರು ಕೂರುವುದಿಲ್ಲವಂತೆ. ದಿನವಿಡೀ ಕೂತರೂ ಮುಗಿಯುವುದು ಸ್ವಲ್ಪವೇ. ಬೆಲೆ ಕೇಳಿದೆ. ಕೊಡಲು ನನ್ನಿಂದ ಆಗದ ಬೆಲೆ, ಆದರೆ ನ್ಯಾಯವಾದ ಬೆಲೆ.

ಹನ್ನೊಂದು ಹೊಲಿಗೆ ಹಾಕಿದೆ. ಅಜ್ಜಿ ಬಟ್ಟೆ ತಿರುಗಿಸಿ ಹಿಂಬದಿ ನೋಡಿದರು. ಏಳನ್ನು ಬಿಚ್ಚಿದರು. ನಾಲ್ಕನ್ನು ಹಾಗೇ ಬಿಟ್ಟು, ಅಲ್ಲಿಂದಲೇ ಎಣಿಕೆ ಮುಂದುವರಿಸಿದರು.