ಐದು ಎಕ್ಸ್‌ಪಿ ಕಮ್ಮಿ

ಕಳೆದ ಮಳೆಗಾಲದ ಒಂದು ಭಾನುವಾರ, ಬಸವನಗುಡಿಯ ಗೆಳೆಯನ ಮನೆ ಮಹಡಿಯಲ್ಲಿ ದೊಡ್ಡ ಜಗಳ ಆಯಿತು. ಕೆಳಗಿಂದ ಅವರ ಅಮ್ಮ ಬಂದು "ಏನ್ರೋ ಅದು?" ಅಂತ ಕೇಳುವಷ್ಟು ಜೋರು. ಐದು ಎಕ್ಸ್‌ಪಿಗಾಗಿ ಅಂದರೆ ಅವರಿಗೆ ಏನು ಅರ್ಥ ಆಗಬೇಕು?

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರಲ್ಲಿ ಬಂದ ಐದನೇ ಆವೃತ್ತಿ. ಒಟ್ಟಿಗೆ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ಡೈಸ್‌ನಲ್ಲೇ ಕಥೆ ಕಟ್ಟುವ ಆಟ. ಕಥೆ ನಡೆಸುವ ಡಿಎಂ ನಾನು. ಉಳಿದ ನಾಲ್ವರನ್ನು ಪಾತ್ರದ ಹೆಸರಲ್ಲೇ ಕರೆಯುತ್ತೇನೆ: ಕತ್ತಿ ಹಿಡಿಯುವ ಭೈರ, ಕಳ್ಳಿ ಚೌಡಿ, ಮಂತ್ರಗಾರ್ತಿ ಮಾಯಿ, ಗಾಯ ವಾಸಿ ಮಾಡುವ ಪೂಜಾರಿ ಶಂಭು. ಏನಾದರೂ ಸಾಧಿಸಿದರೆ ಡಿಎಂ ಕೊಡುವ ಪಾಯಿಂಟೇ ಎಕ್ಸ್‌ಪಿ. 300 ಆದರೆ ಎರಡನೇ ಲೆವೆಲ್, 900 ಆದರೆ ಮೂರನೆಯದು. ಮೂರು ಅಂದರೆ ಸುಮ್ನೆ ಅಲ್ಲ. ಭೈರ ತಾನು ಯಾವ ಬಗೆಯ ಯೋಧ ಅಂತ ಆರಿಸಿಕೊಳ್ಳುವುದು ಆಗಲೇ. ಮಾಯಿಗೆ ಎರಡನೇ ಹಂತದ ಮಂತ್ರಗಳು ಸಿಗುವುದೂ ಆಗಲೇ. ಅವತ್ತು ಎಲ್ಲರ ಕ್ಯಾರೆಕ್ಟರ್ ಶೀಟ್‌ನಲ್ಲೂ, ಅಂದರೆ ಪಾತ್ರದ ಲೆಕ್ಕ ಬರೆದಿಡುವ ಹಾಳೆಯಲ್ಲೂ, 820 ಇತ್ತು.

ಶಂಭು ಇರುವುದು ಕಾಡುಗೋಡಿ ಕಡೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಬಂದಿದ್ದರೆ ಆರಾಮಾಗಿ ಬರುತ್ತಿದ್ದ. ಕಾರ್ ತೆಗೆದ, ಮಳೆ ಬಂತು. ಮುಂದಿನದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಕಾದು ಸಾಕಾಗಿ ಮೂವರನ್ನೇ ಇಟ್ಟುಕೊಂಡು ಶುರು ಮಾಡಿದೆ.

ಒಂದು ಹಳೇ ಕಲ್ಲಿನ ಸೇತುವೆ. ಕಾವಲಿಗೆ ಆರು ಗಾಬ್ಲಿನ್‌ಗಳು, ಅಂದರೆ ಕುಳ್ಳ ರಾಕ್ಷಸರು. ಭೈರ ಆಗಲೇ ಡೈಸ್ ಕುಲುಕುತ್ತಿದ್ದ. ಚೌಡಿ ಅವನ ಕೈ ಹಿಡಿದು, ಮುಖ ಗಂಟು ಹಾಕಿಕೊಂಡು, ನೇರ ಗಾಬ್ಲಿನ್‌ಗಳ ಹತ್ತಿರ ಹೋದಳು. "ಯಾರ್ರೀ ಇಲ್ಲಿ ಇರೋದು? ರಸ್ತೆ ಅಗಲ ಮಾಡ್ತಾರೆ, ಸೇತುವೆ ಹೋಗುತ್ತೆ. ಮಾರ್ಕ್ ಹಾಕೋಕೆ ಬಂದಿದೀವಿ." ಮಾಯಿ ತಡಮಾಡಲಿಲ್ಲ. ಒಂದು ಚಿಕ್ಕ ಮಂತ್ರದಿಂದ ಕಂಬದ ಮೇಲೆ ಕೆಂಪು ಗುರುತು ಮೂಡಿಸಿದಳು. ಸುಳ್ಳು ನಂಬಿಸಲು ಚೌಡಿ ಹಾಕಿದ ಇಪ್ಪತ್ತು ಮುಖದ ಡೈಸ್‌ನಲ್ಲಿ 18 ಬಿತ್ತು. ಗಾಬ್ಲಿನ್‌ಗಳ ದನಿ ನಾನೇ ಮಾಡಬೇಕಲ್ವಾ, ಮಾಡಿದೆ: "ಅಮ್ಮಾ, ನಮ್ಮ ತಾತನ ಕಾಲದಿಂದ ಇಲ್ಲೇ ಇದೀವಿ. ಏನಾದ್ರೂ ಅಡ್ಜಸ್ಟ್ ಮಾಡ್ಕೊಳ್ಳಿ." ಸುಂಕ ಕೇಳಬೇಕಾದವರು ತಾವೇ ಒಂದು ಚೀಲ ನಾಣ್ಯ ಕೊಟ್ಟು, ದಾರಿ ಬಿಟ್ಟು, ಕೈಮುಗಿದರು. ನಾವು ಆಡಿದ್ದರಲ್ಲಿ ಅಷ್ಟು ನಕ್ಕಿದ್ದು ಬೇರೆ ಇಲ್ಲ.

ನಗು ನಿಂತ ಮೇಲೆ ಭೈರ ಕೇಳಿದ: "ಎಕ್ಸ್‌ಪಿ ಎಷ್ಟು?"

ನಿಯಮದ ಪುಸ್ತಕದ ಪಟ್ಟಿಯಲ್ಲಿ ಒಂದು ಗಾಬ್ಲಿನ್‌ಗೆ 50. ಆರಕ್ಕೆ 300. ಮೂವರಿಗೆ ಹಂಚಿದರೆ ತಲಾ 100, ಅಲ್ಲಿಗೆ 920, ಲೆವೆಲ್ ಏರಿತು. ಆದರೆ ಒಬ್ಬರೂ ಸತ್ತಿಲ್ಲವಲ್ಲ? ಪುಸ್ತಕ ಹೇಳುವುದು ಸೋಲಿಸಿದರೆ ಅಂತ. ಸಾಮಾನ್ಯವಾಗಿ ಕೊಂದು, ಓಡಿಸಿ ಅಥವಾ ಸೆರೆ ಹಿಡಿದು. ಇವು ಇದ್ದಲ್ಲೇ ಇವೆ, ಕೈಮುಗಿದುಕೊಂಡು. ನಾನು ಒಂದು ನಿಮಿಷ ಸುಮ್ಮನಿದ್ದದ್ದೇ ತಡ, ಭೈರ ಎದ್ದು ನಿಂತ. "ಹಾಗಾದ್ರೆ ನಾನು ವಾಪಸ್ ಹೋಗಿ ಕೊಂದು ಬರ್ತೀನಿ." ಈಗಷ್ಟೇ ನಮಸ್ಕಾರ ಹಾಕಿದವರನ್ನು! ಚೌಡಿಗೆ ಸಿಟ್ಟು ನೆತ್ತಿಗೇರಿತು.

ಅದೇ ಹೊತ್ತಿಗೆ ಶಂಭು, ಒದ್ದೆ ಕೊಡೆ ಹಿಡಿದುಕೊಂಡು ಒಳಗೆ ಬಂದ. ನಾಲ್ವರಿಗೆ ಹಂಚಿದರೆ ತಲಾ 75. ಒಟ್ಟು 895. ಯಾರಿಗೂ ಲೆವೆಲ್ ಇಲ್ಲ, ಐದು ಕಮ್ಮಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲೇ, ಅದೂ ಒಂದೇ ಮಾರ್ಕಿಗೆ, ಫೇಲ್ ಆದ ಹಾಗೆ.

ಬಾರದವರಿಗೆ ಸಾಮಾನ್ಯವಾಗಿ ಪಾಲಿಲ್ಲ ಅಂತಲೂ ಪುಸ್ತಕದಲ್ಲಿದೆ. ಶಂಭು ಪಾಪ, "ನನಗೆ ಬೇಡ ಬಿಡ್ರೋ" ಅಂದ. ಭೈರ ತಕ್ಷಣ ಒಪ್ಪಿದ, ಅದೂ ಸರಿ ಅನಿಸಲಿಲ್ಲ. ಕೊನೆಗೆ ನಾನು ಹಂಚುವುದನ್ನೇ ಬಿಟ್ಟೆ. ನಾಲ್ವರಿಗೂ ನೂರು ನೂರು ಬರೆದುಕೊಳ್ಳಿ ಅಂದೆ. "ಟೈಮಿಗೆ ಸರಿಯಾಗಿ ಬಂದ ನನಗೇನು ಸಿಕ್ತು?" ಭೈರನ ಪ್ರಶ್ನೆ. ಗಾಬ್ಲಿನ್ ಕೈಮುಗಿದದ್ದನ್ನು ನೋಡುವುದು ಸಿಕ್ಕಿತು. ಶಂಭುಗೆ ಅದು ಸಿಗಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ಜಾಸ್ತಿ.

ಭೈರನನ್ನು ಬೈಯುವುದು ಸುಲಭ. ಆದರೆ ಅವನಿಗೆ ಕೊಲ್ಲುವ ಆಸೆ ಹುಟ್ಟಿಸಿದ್ದು ಯಾರನ್ನು ಸೋಲಿಸಿದರೆ ಎಷ್ಟು ಅನ್ನುವ ಆ ಪಟ್ಟಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಎಕ್ಸ್‌ಪಿ ಹೆಚ್ಚಾಗಿ ಬರುತ್ತಿದ್ದದ್ದು ನಿಧಿಯಿಂದ. ಒಂದು ಚಿನ್ನದ ನಾಣ್ಯ ಹೊತ್ತು ತಂದರೆ ಒಂದು ಎಕ್ಸ್‌ಪಿ. ರಾಕ್ಷಸರಿಂದ ಸಿಗುತ್ತಿದ್ದದ್ದು ಕಮ್ಮಿ. ಹಾಗಾಗಿ ಜಾಣರು ಹೊಡೆದಾಡದೆ ಕದ್ದು ಬರುತ್ತಿದ್ದರು. ಚೌಡಿ ಆ ಕಾಲದಲ್ಲಿ ಹುಟ್ಟಬೇಕಿತ್ತು. 1981ರ ಕಾಲ್ ಆಫ್ ಕ್ತುಲ್ಹು ಆಟದಲ್ಲಿ ಎಕ್ಸ್‌ಪಿಯೇ ಇಲ್ಲ. ಯಾವ ವಿದ್ಯೆ ಬಳಸಿ ಗೆದ್ದಿರೋ ಅದಕ್ಕೊಂದು ಟಿಕ್, ಆಮೇಲೆ ಡೈಸ್ ಒಲಿದರೆ ಅದೇ ವಿದ್ಯೆ ಬೆಳೆಯುತ್ತದೆ. 2012ರ ಡಂಜನ್ ವರ್ಲ್ಡ್ ಇನ್ನೂ ಮಜಾ: ಎರಡು ಮಾಮೂಲಿ ಡೈಸ್ ಹಾಕಿ, ಅವು ಕೈಕೊಟ್ಟು ಒಟ್ಟು 6 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಒಂದು ಎಕ್ಸ್‌ಪಿ. ಸೋತವನೂ ನಗುತ್ತಾನೆ.

ಎಕ್ಸ್‌ಪಿ ಬಿಟ್ಟು ಮೈಲ್‌ಸ್ಟೋನ್ ಮಾಡು, ಕಥೆಯ ದೊಡ್ಡ ತಿರುವು ಬಂದಾಗ ಎಲ್ಲರಿಗೂ ಲೆವೆಲ್ ಕೊಟ್ಟುಬಿಡು ಅಂತ ಮಾಯಿ ಹೇಳಿದಳು. ಕೆಲವು ವಾರ ಹಾಗೇ ಆಡಿದೆವು. ಲೆಕ್ಕದ ತಲೆನೋವು ಹೋಯಿತು, ನಿಜ. ಆದರೆ ಆಟ ಮುಗಿದ ಮೇಲೆ ಪೆನ್ಸಿಲ್ ಹಿಡಿದು ಕೂಡುವ ಆ ಸಣ್ಣ ಖುಷಿಯೂ ಹೋಯಿತು. ಭೈರನಂತೂ ಕ್ಯಾರೆಕ್ಟರ್ ಶೀಟ್ ಮುಟ್ಟುವುದನ್ನೇ ಬಿಟ್ಟ. ಹಾಗಾಗಿ ಮತ್ತೆ ಎಕ್ಸ್‌ಪಿಗೇ ಬಂದೆವು. ಈಗ ಅಡ್ಡಿ ದಾಟಿದರೆ ಪೂರ್ತಿ ಪಾಯಿಂಟು, ಕೊಂದರೂ ಅಷ್ಟೇ, ಮಾತಾಡಿದರೂ ಅಷ್ಟೇ. ಬಾರದವರಿಗೂ ಪೂರ್ತಿ.

ಹೊಸ ನಿಯಮದ ಮೊದಲ ಭಾನುವಾರ ಭೈರ ತನ್ನ ಸಾಮಾನಿನ ಪಟ್ಟಿಗೆ ಒಂದು ಅಳತೆ ಟೇಪು ಸೇರಿಸಿಕೊಂಡು ಬಂದ. ಅದೇ ಗಾಬ್ಲಿನ್‌ಗಳಿಗೆ ಇನ್ನೊಂದು ಸಲ ಮಾರ್ಕ್ ಹಾಕಿದರೆ ಮತ್ತೆ 300 ತಾನೇ ಅಂತ ಕೇಳಿದ. ಇಲ್ಲಪ್ಪ, ಅವರ ಹತ್ತಿರ ಒಂದು ಸಲಕ್ಕೆ ಮುಗೀತು ಅಂದೆ.

ಭೈರ ನಕ್ಷೆಯನ್ನು ತನ್ನ ಕಡೆ ಎಳೆದುಕೊಂಡ. "ಸರಿ, ಬೇರೆ ಸೇತುವೆ ಎಲ್ಲಿದೆ ತೋರ್ಸು."