ಕುಳದ ಮೊನೆ ಗಟ್ಟಿಯಾಗಬೇಕು: ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಉದ್ಯಮ

ಲಕ್ಷ್ಮಣರಾವ್ ಕಿರ್ಲೋಸ್ಕರರ ಮಾತು ಬಂದಾಗಲೆಲ್ಲ 1888ರ ಬೆಳಗಾವಿಯ ಸೈಕಲ್ ಅಂಗಡಿಯನ್ನೇ ಎಲ್ಲರೂ ನೆನೆಯುತ್ತಾರೆ. ಅವರ ನಿಜವಾದ ಕಸುಬು ತಿಳಿಯಬೇಕಾದರೆ ಕಬ್ಬಿಣದ ನೇಗಿಲಿನ ಕುಳವನ್ನು, ಅಂದರೆ ನೆಲ ಸೀಳುವ ಚೂಪು ತುದಿಯನ್ನು, ನೋಡಬೇಕು.

ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಚಿತ್ರ ಕಲಿಯಲು ಹೋದವರಿಗೆ ಕೆಲವು ಬಣ್ಣಗಳು ಸರಿಯಾಗಿ ಕಾಣುತ್ತಿರಲಿಲ್ಲ. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಹಿಡಿದರು. ಕರಗಿಸಿದ ಲೋಹವನ್ನು ಅಚ್ಚಿಗೆ ಸುರಿಯುವ ಎರಕದ ಕೆಲಸಕ್ಕೆ ಇದೇ ಬುನಾದಿ. ಎರಕದ ಕಬ್ಬಿಣ ಆರುವಾಗ ಅಡಿಗೆ ಸುಮಾರು 1/8 ಇಂಚು ಕುಗ್ಗುತ್ತದೆ. ಅಚ್ಚು ತೆಗೆಯಲು ಬಳಸುವ ಮರದ ಮಾದರಿಯನ್ನು (ಪ್ಯಾಟರ್ನ್) ಅಷ್ಟು ದೊಡ್ಡದಾಗಿ ಮಾಡದಿದ್ದರೆ ಬೋಲ್ಟಿನ ತೂತುಗಳೇ ಕೂಡುವುದಿಲ್ಲ.

ಮೇವು ಕತ್ತರಿಸುವ ಯಂತ್ರದ ನಂತರ ನೇಗಿಲಿಗೆ ಕೈಹಾಕಿದರು. ಮರದ ರಂಟೆ ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಎರೆಭೂಮಿಯಲ್ಲಿ ಆಳಕ್ಕಿಳಿದ ಗರಿಕೆ ಬೇರು ಹಾಗೇ ಉಳಿಯುತ್ತದೆ. ಕಬ್ಬಿಣದ ನೇಗಿಲಿನ ಬಾಗಿದ ರೆಕ್ಕೆ ಹೆಂಟೆಯನ್ನು ತಿರುವಿ ಬೇರನ್ನು ಬಿಸಿಲಿಗೆ ಒಡ್ಡುತ್ತದೆ. ಆದರೂ ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಏರುತ್ತದೆಂದು ರೈತರು ಹಿಂಜರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎತ್ತುಗಳ ಮೇಲೆ ಬೀಳುವ ಭಾರವೂ ಹೆಚ್ಚು. ಆ ಅಳುಕನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ.

ಕಷ್ಟದ ಕೆಲಸವೆಂದರೆ ಕುಳ. ಬರೀ ಮರಳಚ್ಚಿನಲ್ಲಿ ಎರೆದರೆ ಮೆತ್ತಗಾಗಿ ಬೇಗ ಸವೆಯುತ್ತದೆ. ಮೊನೆ ಬರುವ ಕಡೆ ಅಚ್ಚಿನಲ್ಲಿ ಕಬ್ಬಿಣದ ತುಂಡು ಕೂಡಿಸಿದರೆ ಅದು ಬಿಸಿಯನ್ನು ತಟ್ಟನೆ ಹೀರುತ್ತದೆ. ಕಬ್ಬಿಣದಲ್ಲಿರುವ ಇಂಗಾಲ ಮೆತ್ತನೆಯ ಗ್ರಾಫೈಟಾಗಿ ಬೇರ್ಪಡಲು ಸಮಯ ಸಿಗದೆ ಬಿಳಿಯ, ಗಡುಸಾದ ಪದರ ಏಳುತ್ತದೆ. ಇದೇ ಚಿಲ್ ಎರಕ. ಪದರ ತೆಳುವಾದರೆ ಸವೆತ ನಿಲ್ಲದು, ತೀರಾ ಆಳಕ್ಕಿಳಿದರೆ ಕಲ್ಲಿಗೆ ತಗುಲಿ ಮೊನೆ ಮುರಿಯುತ್ತದೆ. ಕಬ್ಬಿಣದಲ್ಲಿ ಸಿಲಿಕಾನ್ ಜಾಸ್ತಿಯಾದರಂತೂ ಬಿಳಿ ಪದರ ಮೂಡುವುದೇ ಕಷ್ಟ. ಎಂಥ ಕುಳವೂ ಕಡೆಗೆ ಸವೆಯುವುದೇ ಆದ್ದರಿಂದ ಬೋಲ್ಟ್ ಬಿಚ್ಚಿ ಹೊಸದು ಹಾಕುವಂತಿರಬೇಕು, ಬಿಡಿಭಾಗ ಹತ್ತಿರದಲ್ಲೇ ಸಿಗಬೇಕು.

ಹೊಸ ಬಡಾವಣೆಗೆಂದು ಬೆಳಗಾವಿಯ ಪುರಸಭೆ ಜಾಗ ತೆರವು ಮಾಡಿಸಿದಾಗ ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ದೊರೆ ಬಾಳಾಸಾಹೇಬ ಪಂತ ಪ್ರತಿನಿಧಿ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಜಮೀನನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಕಡಿದು 1910ರಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು: ಕಾರ್ಖಾನೆಯ ಜೊತೆಗೆ ಕೆಲಸಗಾರರ ಮನೆಗಳೂ.

1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪ್ (ಚಕ್ರ ತಿರುಗಿಸಿ ನೀರೆತ್ತುವ ಪಂಪ್) ಬಂತು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, ಅಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರವಾದ ಲೇತ್ ತಯಾರಿ. ಇಲ್ಲಿ ಎರಕದ ಲೆಕ್ಕ ತಿರುವುಮುರುವು. ಕುಳಕ್ಕೆ ಬೇಕೆಂದೇ ತರಿಸಿದ ಬಿಳಿ ಪದರ ಲೇತಿನ ಬೆಡ್ಡಿನಲ್ಲಿ, ಅಂದರೆ ಅದರ ಉದ್ದನೆಯ ತಳದಲ್ಲಿ, ಕಾಣಿಸಿಕೊಂಡರೆ ಕೊರೆಯುವ ಉಳಿಯೇ ಮೊಂಡಾಗುತ್ತದೆ. ಬೆಡ್ ನಿಧಾನವಾಗಿ ಆರಬೇಕು, ಒಳಗಿನ ಬಿಗುವು ಇಳಿದ ಮೇಲೇ ಕಡೆಯ ಹೆರೆತ ಆಗಬೇಕು. ಅವಸರದಲ್ಲಿ ಹೆರೆದರೆ ಕೆಲವೇ ತಿಂಗಳಲ್ಲಿ ಬೆಡ್ ಸೊಟ್ಟಗಾಗಿ, ಆ ಲೇತಿನಲ್ಲಿ ಕಡೆದ ಶಾಫ್ಟು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ.