ಗೆರೆ ಕಡಿದಾಗಿದೆ ಅಂದ್ರೆ ಏನರ್ಥ?

ಕಾಲೇಜಲ್ಲಿ ಎಕನಾಮಿಕ್ಸ್ ಓದ್ತಿದ್ದಾಗ ನಂಗೆ ಗ್ರಾಫ್ ಅಂದ್ರೆ ಚಿತ್ರ ಬಿಡ್ಸೋ ಕೆಲಸ ಅಷ್ಟೇ. ಬೇಡಿಕೆ ರೇಖೆ ಇಳಿಯುತ್ತೆ, ಪೂರೈಕೆ ರೇಖೆ ಏರುತ್ತೆ, ಎರಡೂ ಸೇರೋ ಕಡೆ ಚುಕ್ಕೆ ಇಟ್ಟು ಸಮತೋಲನ ಅಂತ ಬರೆದ್ರೆ ಮಾರ್ಕ್ಸ್ ಬಂತು, ಮುಗೀತು.

ಮೊನ್ನೆ ಅಕ್ಕನ ಮಗಳಿಗೆ ಇದನ್ನೇ ಹೇಳ್ಕೊಡೋಕೆ ಕೂತು ಸಿಕ್ಕಾಕ್ಕೊಂಡೆ. "ಮಾಮ, ಬೇಡಿಕೆ ಗೆರೆ ಕಡಿದಾಗಿದ್ರೆ ಬೆಲೆ ಏರಿದ್ರೂ ಜನ ಜಾಸ್ತಿ ತಲೆ ಕೆಡಿಸ್ಕೊಳಲ್ಲ, ಮಲಗಿದಂಗಿದ್ರೆ ತಟ್ಟಂತ ಬಿಟ್ಬಿಡ್ತಾರೆ, ಇಷ್ಟೇ ತಾನೆ?" ಅಂದ್ಲು. ಹೂಂ ಅಂದ್ಬಿಟ್ಟೆ. ಅವಳು ಗ್ರಾಫ್ ಶೀಟಲ್ಲಿ ಬೆಲೆನ ಉದ್ದಕ್ಕೆ, ಪೆನ್ನಿನ ಲೆಕ್ಕನ ಅಡ್ಡಕ್ಕೆ ಹಾಕಿ, ಅಡ್ಡಕ್ಕೆ ಸಣ್ಣ ಚೌಕಕ್ಕೆ ಒಂದು ಪೆನ್ನು ಅಂತ ಬರ್ಕೊಂಡಿದ್ಲು, ಗೆರೆ ಆರಾಮಾಗಿ ಮಲಗಿತ್ತು. ನಾನೇ ಸುಮ್ನಿರದೆ ಚೌಕಕ್ಕೆ ಒಂದು ಡಜನ್ ಮಾಡು ನೋಡೋಣ ಅಂದೆ, ಅದೇ ಗೆರೆ ಗೋಡೆ ಥರ ಎದ್ದು ನಿಂತ್ಕೊಂಡ್ತು! ಜನ ಅವ್ರೇ, ಪೆನ್ನೂ ಅದೇ. ಅಂದ್ಮೇಲೆ ಕಣ್ಣಿಗೆ ಕಾಣೋ ಕಡಿದನ್ನ ನಂಬೋ ಹಾಗೇ ಇಲ್ಲ.

ಸರಿ, ಚಿತ್ರ ಬಿಟ್ಟು ಲೆಕ್ಕಕ್ಕೆ ಬಂದ್ವಿ. ಬೆಲೆ 1 ಏರಿದ್ರೆ 2 ಪೆನ್ನು ಕಮ್ಮಿ ಹೋಗುತ್ತೆ, ಪುಕ್ಸಟ್ಟೆ ಕೊಟ್ರೆ 100 ಹೋಗುತ್ತೆ ಅಂತ ಇಟ್ಕೊಳ್ಳಿ. ಬೆಲೆ 10 ಇದ್ದಾಗ 80 ಪೆನ್ನು, 11 ಆದ್ರೆ 78. ಬೆಲೆ 40 ಇದ್ದಾಗ 20 ಪೆನ್ನು, 41 ಆದ್ರೆ 18. ಎರಡು ಕಡೆನೂ ಕಮ್ಮಿ ಆಗಿದ್ದು ಎರಡೇ ಪೆನ್ನು, ಸ್ಲೋಪ್, ಅಂದ್ರೆ ಗೆರೆಯ ಇಳಿಜಾರು, ಒಂದೇ. ಆದ್ರೆ ಶೇಕಡಾವಾರು ನೋಡಿ, ಮೊದಲನೇ ಕಡೆ ಬೆಲೆ ಶೇ. 10 ಏರಿದ್ರೂ ಮಾರಾಟ ಇಳಿದಿದ್ದು ಶೇ. 2.5 ಮಾತ್ರ, ಎರಡನೇ ಕಡೆ ಬೆಲೆ ಶೇ. 2.5 ಏರಿದ್ದಕ್ಕೇ ಮಾರಾಟ ಶೇ. 10 ಬಿದ್ಹೋಯ್ತು. ಪೂರ್ತಿ ಉಲ್ಟಾ. ಅಂಗಡಿಯವನ ಗಲ್ಲಾಪೆಟ್ಟಿಗೆ ಕಡೆಯಿಂದ ನೋಡಿದ್ರೆ ಇನ್ನೂ ಮಜಾ, 10ರಲ್ಲೂ 40ರಲ್ಲೂ ಬರೋದು 800ನೇ, ಅಲ್ಲಿಂದ ಬೆಲೆ ಒಂದೇ ಒಂದು ಏರಿಸಿದ್ರೆ ಮೊದಲನೇ ಕಡೆ 858 ಆಗುತ್ತೆ, ಎರಡನೇ ಕಡೆ 738ಕ್ಕೆ ಇಳಿಯುತ್ತೆ.

ಈ ಶೇಕಡಾವಾರು ಹೋಲಿಕೆಗೇ ಸ್ಥಿತಿಸ್ಥಾಪಕತ್ವ ಅನ್ನೋದು. ಆ ಪದನ ತಪ್ಪಿಲ್ದೆ ಬರೆಯೋಕೇ ನಂಗೆ ಒಂದು ಸೆಮಿಸ್ಟರ್ ಬೇಕಾಯ್ತು, ಅರ್ಥ ಯಾರಿಗೆ ಬೇಕಿತ್ತು ಆವಾಗ. ಒಂದೇ ನೇರ ಗೆರೆ ಮೇಲೆ ಸ್ಲೋಪ್ ಬದಲಾಗಲ್ಲ, ಇದು ಮಾತ್ರ ಹೆಜ್ಜೆ ಹೆಜ್ಜೆಗೂ ಬದಲಾಗುತ್ತೆ. ಡಜನ್ ಮಾಡಿದ್ರೂ ಬಿಡಿ ಮಾಡಿದ್ರೂ ಇದಕ್ಕೇನೂ ಆಗಲ್ಲ.

ಇನ್ನೊಂದು ತಕರಾರು ಇದೆ. ಗಣಿತದಲ್ಲಿ ಯಾವ್ದು ಕಾರಣನೋ ಅದನ್ನ ಅಡ್ಡಕ್ಕೆ ಹಾಕ್ತೀವಿ. ಇಲ್ಲಿ ಬೆಲೆ ಕಾರಣ, ಆದ್ರೂ ಅದು ಉದ್ದಕ್ಕೆ ನಿಂತಿದೆ. 1838ರಲ್ಲಿ ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಕೂರ್ನೋ ಬೇಡಿಕೆ ರೇಖೆ ಬರೆದಾಗ ಬೆಲೆನ ಅಡ್ಡಕ್ಕೇ ಹಾಕಿದ್ದ. ಆಮೇಲೆ ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್ ಉದ್ದಕ್ಕೆ ನಿಲ್ಲಿಸಿದ, 1890ರಲ್ಲಿ ಅವನ ಪುಸ್ತಕ ಬಂದ್ಮೇಲೆ ಅದೇ ಗಟ್ಟಿಯಾಯ್ತು. ಹಂಗಾಗಿ ಉದ್ದದ ಬದಲಾವಣೆನ ಅಡ್ಡದ್ದರಿಂದ ಭಾಗಿಸಿದ್ರೆ ನಮ್ಮ ಪೆನ್ನಿನ ಗೆರೆಯ ಸ್ಲೋಪ್ ಗ್ರಾಫಲ್ಲಿ ಮೈನಸ್ ಅರ್ಧ ಅಂತ ಬರುತ್ತೆ, ಮೈನಸ್ 2 ಅಂತ ಬರೆದು ಮಾರ್ಕ್ಸ್ ಕಳ್ಕೊಂಡೋರಲ್ಲಿ ನಾನೂ ಒಬ್ಬ.

ಸ್ಲೋಪ್ ದಂಡ ಅಂತ ಹೇಳ್ತಿಲ್ಲ ಮತ್ತೆ. ಒಟ್ಟು ಖರ್ಚಿನ ಗೆರೆ ತಗೊಂಡ್ರೆ ಅದರ ಸ್ಲೋಪೇ ಇನ್ನೊಂದು ಪೆನ್ನು ಮಾಡೋಕೆ ಬೀಳೋ ಖರ್ಚು. ಆದಾಯ 100 ಜಾಸ್ತಿ ಆದಾಗ ಮನೆಯವ್ರು 80 ಖರ್ಚು ಮಾಡಿದ್ರೆ ಅಲ್ಲಿ ಸ್ಲೋಪ್ 0.8. ಈ ಎರಡನೇದ್ರಲ್ಲಿ ದುಡ್ಡಿಗೆ ದುಡ್ಡು ಹೋಲಿಸ್ತೀವಿ, ಡಜನ್ ಗಲಾಟೆ ಇಲ್ಲ.

ಇಷ್ಟೆಲ್ಲಾ ಕೇಳಿ ಅವಳು, "ಪೂರೈಕೆ ರೇಖೆ ಏರ್ತಾ ಇರುತ್ತಲ್ಲ ಮಾಮ, ಅದನ್ನೂ ಯಾಕೆ ಇಳಿಜಾರು ಅಂತೀರಾ?" ಅಂದ್ಲು. ಮೇಲ್ಗಡೆ ನಿಂತು ನೋಡು ಅಂದೆ.